ಆಟದ ಚೀಲದೊಳಗಿನ ಸಾಮಾನು

ಕಳೆದ ಬೇಸಿಗೆ ರಜೆಯ ಒಂದು ಮಧ್ಯಾಹ್ನ, ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿ ಹೊರಗೆ ಕಾಲಿಡುವುದೇ ಕಷ್ಟವಾಗಿದ್ದಾಗ, ನನ್ನ ಅಣ್ಣನ ಮಗ ತನ್ನ ಇಬ್ಬರು ಗೆಳೆಯರೊಂದಿಗೆ ನಮ್ಮ ಪಡಸಾಲೆಯಲ್ಲಿ ಕುಳಿತು ಬಿಜಿಎಂಐ ಆಡುತ್ತಿದ್ದ. ನೂರು ಜನ ಒಂದೇ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ, ಕೆಳಗೆ ಬಿದ್ದಿರುವ ಬಂದೂಕು, ಹೆಲ್ಮೆಟ್, ಔಷಧಿಗಳನ್ನು ಹೆಕ್ಕಿಕೊಂಡು ಕೊನೆಯವರೆಗೆ ಉಳಿಯಲು ಹೋರಾಡುವ ಈ ಆಟ, ಮಕ್ಕಳ ಮೊಬೈಲಿನಿಂದ ಬರುವ ಗದ್ದಲವಾಗಿಯಾದರೂ ಹೆಚ್ಚಿನ ಮನೆಗಳಿಗೆ ಪರಿಚಿತ. ಸಮಾಜಶಾಸ್ತ್ರದ ಪಾಠ ಹೇಳುವವನ ಚಟದಿಂದ ನಾನು, ಇದರಲ್ಲಿ ಎಲ್ಲರಿಗೂ ಸಮಾನ ಅವಕಾಶ ಇದೆಯೇ ಎಂದು ಕೇಳಿದೆ. "ಎಲ್ಲಾರೂ ಬರಿಗೈಲೆ ಇಳಿತೀವಿ ಕಾಕಾ, ಇದರಾಗ ಅನ್ಯಾಯ ಎಲ್ಲಿಂದ ಬರ್ತದ?" ಎಂದ ಅಣ್ಣನ ಮಗ. ಆಟದ ಮಟ್ಟಿಗೆ ಅವನ ಉತ್ತರ ಸರಿಯಾಗಿಯೇ ಇತ್ತು. ಆದರೆ ಮೂರನೆಯ ಹುಡುಗ ಏನೂ ಹೇಳಲಿಲ್ಲ. ಅವನ ಕೈಯಲ್ಲಿದ್ದುದು ತಾಯಿಯ ಹಳೆಯ ಫೋನು. ಅದರ ಗಾಜು ಒಂದು ಮೂಲೆಯಿಂದ ಸೀಳಿತ್ತು. ಪ್ರತಿ ಸುತ್ತು ಮುಗಿದೊಡನೆ ಕಾದ ಫೋನನ್ನು ನೆಲದ ಶಹಾಬಾದ್ ಕಲ್ಲಿನ ಮೇಲೆ ಅಂಗಾತ ಇಟ್ಟು, ಅದು ತಣ್ಣಗಾಗುವುದನ್ನು ಕಾಯುತ್ತಿದ್ದ. ಉಳಿದಿಬ್ಬರು ನೆಲಕ್ಕಿಳಿದು ಬಂದೂಕು ಹಿಡಿಯುವ ಹೊತ್ತಿಗೆ ಅವನ ಪರದೆಯ ಮೇಲೆ ಮನೆಗಳ ಗೋಡೆಗಳೇ ಇನ್ನೂ ಮೂಡಿರುತ್ತಿರಲಿಲ್ಲ. ಆಟದಲ್ಲಿ ಅವನು ಸತ್ತಾಗ ಗೆಳೆಯರು 'ನೂಬ್' (ಆಡಲು ಬಾರದವ) ಎಂದು ನಗುತ್ತಿದ್ದರು, ಅವನೂ ನಗುತ್ತಿದ್ದ.

ಆ ಮೂವರಲ್ಲಿ ಯಾರಿಗೂ ಇನ್ನೊಬ್ಬನ ಮೇಲೆ ದ್ವೇಷವಿರಲಿಲ್ಲ, ಆಟದ ನಿಯಮವೂ ಯಾರನ್ನೂ ಹೊರಗಿಟ್ಟಿರಲಿಲ್ಲ. ಆದರೂ ಸಂಜೆಯವರೆಗೆ ಸೋತವನು ಒಬ್ಬನೇ, ಮತ್ತು ಆ ಸೋಲಿಗೆ ಅವನ ಕೈಚಳಕದ ಕೊರತೆಯೇ ಕಾರಣವೆಂದು ಅವನೂ ಸೇರಿದಂತೆ ಮೂವರೂ ಒಪ್ಪಿಕೊಂಡಿದ್ದರು. ಇದು ನಾನು ಪಾಠ ಹೇಳುವ, ವ್ಯವಸ್ಥೆಯೊಳಗಿನ ಜನಾಂಗಭೇದವನ್ನು ನೆನಪಿಸಿತು. ಹಳೆಯ ಫೋನು ಬಡತನದ ಗುರುತೇ ಹೊರತು ಜನಾಂಗದ ಅಥವಾ ಜಾತಿಯ ಗುರುತಲ್ಲ, ಆದ್ದರಿಂದ ಹೋಲಿಕೆಯನ್ನು ಎಳೆದಾಡಬಾರದು. ಆದರೆ ದ್ವೇಷಿಸುವವನೊಬ್ಬನು ಎದುರಿಗೆ ಇಲ್ಲದೆಯೂ ಅನ್ಯಾಯ ಹೇಗೆ ನಡೆಯುತ್ತದೆ, ನಡೆದ ಮೇಲೆ ಅದು ಸೋತವನ ತಪ್ಪಿನಂತೆ ಹೇಗೆ ಕಾಣುತ್ತದೆ ಎಂಬುದನ್ನು ತರಗತಿಯಲ್ಲಿ ಮೂರು ದಿನ ವಿವರಿಸಿದರೂ ಮನದಟ್ಟಾಗದ್ದನ್ನು ಆ ಫೋನು ಅರ್ಧ ಗಂಟೆಯಲ್ಲಿ ತೋರಿಸಿತ್ತು.

ವ್ಯವಸ್ಥೆಯೊಳಗಿನ ಜನಾಂಗಭೇದ ಎಂಬ ಮಾತಿನ ಹಿಂದೆ ಒಂದು ನಿರ್ದಿಷ್ಟ ವಿಂಗಡಣೆ ಇದೆ. ಅಮೆರಿಕದಲ್ಲಿ 1967ರಲ್ಲಿ ಕರಿಯರ ಹಕ್ಕುಗಳ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಮತ್ತು ರಾಜ್ಯಶಾಸ್ತ್ರಜ್ಞ ಚಾರ್ಲ್ಸ್ ಹ್ಯಾಮಿಲ್ಟನ್ 'ಸಾಂಸ್ಥಿಕ ಜನಾಂಗಭೇದ' ಎಂಬ ಪರಿಕಲ್ಪನೆಯನ್ನು ಚರ್ಚೆಗೆ ತಂದಾಗ, ಒಬ್ಬ ವ್ಯಕ್ತಿ ಮತ್ತೊಬ್ಬನಿಗೆ ಎದುರಾಎದುರು ಮಾಡುವ ಅನ್ಯಾಯವನ್ನು ಒಂದು ಕಡೆಗೂ, ಬ್ಯಾಂಕು, ಶಾಲೆ, ಠಾಣೆ, ಕಚೇರಿಗಳ ದಿನನಿತ್ಯದ ವ್ಯವಹಾರದಲ್ಲಿ ಸೇರಿಕೊಂಡು ಸದ್ದಿಲ್ಲದೆ ನಡೆಯುವ ಅನ್ಯಾಯವನ್ನು ಇನ್ನೊಂದು ಕಡೆಗೂ ಇಟ್ಟರು. ಎರಡನೆಯದಕ್ಕೆ ಪ್ರಸಿದ್ಧ ಉದಾಹರಣೆ ಒಂದು ನಕ್ಷೆ. 1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ನಗರಗಳ ಬಡಾವಣೆಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಎಂದು ನಾಲ್ಕು ದರ್ಜೆಗಳಾಗಿ ಗುರುತಿಸಿತು. ಕರಿಯರು ವಾಸಿಸುವ ಬಡಾವಣೆಗಳು ಬಹುತೇಕ ಕೆಂಪಿಗೆ ಬಿದ್ದವು, ಮತ್ತು ಕೆಂಪು ಎಂದರೆ ಸಾಲ ಕೊಡುವುದು ಅಪಾಯ ಎಂದು ಅರ್ಥ. ಇಂಥ ವಿಂಗಡಣೆ ರೂಢಿಯಾದ ಮೇಲೆ ಬ್ಯಾಂಕಿನ ಗುಮಾಸ್ತ ಯಾರನ್ನೂ ದ್ವೇಷಿಸಬೇಕಾಗಿರಲಿಲ್ಲ, ಬಣ್ಣ ನೋಡಿ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರೆ ಸಾಕಾಗಿತ್ತು. ಇಲ್ಲಿ ನಕ್ಷೆ ಒಂದು ವಸ್ತು, ಅನ್ಯಾಯದ ನಿಯಮ ಕುಳಿತಿರುವುದು ಆ ವಸ್ತುವಿನೊಳಗೆ.

ವಿಡಿಯೊ ಗೇಮಿನ ಸಾಮಾನುಗಳು ಈ ವಿಷಯಕ್ಕೆ ಒದಗಿಬರುವುದು ಇದೇ ಕಾರಣಕ್ಕೆ. ಆಟದಲ್ಲಿ ಆಟಗಾರನ ಚೀಲಕ್ಕೆ ಸೇರುವ ಪ್ರತಿಯೊಂದು ವಸ್ತುವಿಗೂ ಒಂದು ಪುಟ್ಟ ವಿವರ ಇರುತ್ತದೆ: ಹೆಸರೇನು, ಏನು ಮಾಡುತ್ತದೆ, ಯಾರು ಬಳಸಬಹುದು, ಎಷ್ಟು ದಿನ ಬಾಳುತ್ತದೆ. ನಿಜಜೀವನದ ಲೋಟ, ಚಪ್ಪಲಿ, ಪ್ರಮಾಣಪತ್ರಗಳ ಮೇಲೆ ಇಂಥ ಚೀಟಿ ಅಂಟಿಸಿರುವುದಿಲ್ಲ, ಅವುಗಳ ನಿಯಮ ಎಲ್ಲರಿಗೂ ಗೊತ್ತು ಆದರೆ ಎಲ್ಲಿಯೂ ಬರೆದಿಲ್ಲ. ಅಮೆರಿಕದ ಲೇಖಕರೊಬ್ಬರು 2012ರಲ್ಲಿ, ಬಿಳಿಯ ಪುರುಷನಾಗಿ ಹುಟ್ಟುವುದೆಂದರೆ ಆಟವನ್ನು ಅತಿ ಸುಲಭದ ಹಂತದಲ್ಲಿ ಆಡಿದಂತೆ ಎಂಬ ಹೋಲಿಕೆಯನ್ನು ಬಳಸಿ ಬಹಳ ಚರ್ಚೆಗೆ ಕಾರಣರಾದರು. ಹೋಲಿಕೆ ಚುರುಕಾಗಿದೆ, ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ಏಕೆಂದರೆ 'ಸುಲಭ', 'ಕಠಿಣ' ಎಂಬುದು ಗಾಳಿಯಂತೆ ಎಲ್ಲೆಡೆ ಹರಡಿದ ಸಂಗತಿಯಾಗುತ್ತದೆ, ಅದನ್ನು ಯಾರು, ಯಾವಾಗ, ಯಾವ ಕಾಗದದಲ್ಲಿ ನಿಗದಿಪಡಿಸಿದರು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ವಸ್ತುವನ್ನು ತೋರಿಸಬಹುದು.

1971ರಲ್ಲಿ ಮಿನೆಸೋಟದ ಮೂವರು ತರಬೇತಿ ಶಿಕ್ಷಕರು ಇತಿಹಾಸ ಪಾಠಕ್ಕೆಂದು ರೂಪಿಸಿದ 'ಒರೆಗಾನ್ ಟ್ರೇಲ್' ಎಂಬ ಆಟವನ್ನು ನೋಡಿ. 1848ರಲ್ಲಿ ಎತ್ತಿನ ಬಂಡಿ ಕಟ್ಟಿಕೊಂಡು ಪಶ್ಚಿಮ ಅಮೆರಿಕಕ್ಕೆ ವಲಸೆ ಹೋಗುವ ಕುಟುಂಬದ ಕಥೆ ಅದು. 1985ರ ಆವೃತ್ತಿಯಲ್ಲಿ ಆಟಗಾರ ಮೊದಲು ತಾನು ಯಾರೆಂದು ಆರಿಸಿಕೊಳ್ಳಬೇಕು: ಬಾಸ್ಟನ್ನಿನ ಬ್ಯಾಂಕರ್ ಆದರೆ 1,600 ಡಾಲರ್, ಬಡಗಿಯಾದರೆ 800, ಇಲಿನಾಯ್ ಪ್ರಾಂತದ ರೈತನಾದರೆ 400. ಆ ಹಣದಲ್ಲೇ ಅಂಗಡಿಗೆ ಹೋಗಿ ಎತ್ತು, ಬಟ್ಟೆ, ಆಹಾರ, ಗುಂಡು, ಬಂಡಿಯ ಬಿಡಿಭಾಗಗಳನ್ನು ಕೊಳ್ಳಬೇಕು. ದಾರಿಯಲ್ಲಿ ಗಾಲಿ ಮುರಿದರೆ ಬ್ಯಾಂಕರನಿಗೆ ಅದೊಂದು ಅಡಚಣೆ ಅಷ್ಟೇ, ಬಿಡಿ ಗಾಲಿ ಕೊಳ್ಳಲು ಹಣ ಉಳಿಯದ ರೈತನಿಗೆ ಅದೇ ಗಾಲಿ ಮಗುವಿನ ಸಾವಾಗಬಹುದು. ನದಿ ಒಂದೇ, ಮಳೆ ಒಂದೇ, ದೂರವೂ ಒಂದೇ.

ಆದರೆ ಈ ಆಟದ ನಿಜವಾದ ಪಾಠ ಇರುವುದು ಕೊನೆಯ ಪರದೆಯಲ್ಲಿ. ಗುರಿ ಮುಟ್ಟಿದ ಬ್ಯಾಂಕರನಿಗೆ ಎಷ್ಟು ಅಂಕವೋ, ಅಷ್ಟೇ ಸಾಧಿಸಿದ ಬಡಗಿಗೆ ಅದರ ಎರಡರಷ್ಟು, ರೈತನಿಗೆ ಮೂರರಷ್ಟು. ಇದನ್ನು ಆಡಿದ ಮಕ್ಕಳು ಇದನ್ನು ಅನ್ಯಾಯ ಎನ್ನುವುದಿಲ್ಲ, ರೈತನಿಗೆ 'ಪುಕ್ಕಟೆ ಅಂಕ' ಸಿಕ್ಕಿತೆಂದು ಗೊಣಗುವುದಿಲ್ಲ. ಯಾವ ಸಾಮಾನಿನೊಂದಿಗೆ ಹೊರಟರು ಎಂಬುದನ್ನು ನೋಡದೆ ಎಲ್ಲಿಗೆ ತಲುಪಿದರು ಎಂಬುದನ್ನು ಅಳೆಯಲಾಗದು ಎಂಬುದು ಆಟದೊಳಗೆ ಎಷ್ಟು ಸಹಜವೆಂದರೆ ಅದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಮೀಸಲಾತಿಯ ಪಾಠ ಬಂದಾಗ 'ಮೆರಿಟ್' ಎಂಬ ಪದ ಹಿಡಿದುಕೊಂಡು ಎದ್ದು ನಿಲ್ಲುವ ವಿದ್ಯಾರ್ಥಿಗಳಿಗೆ ನಾನು ಈ ಆಟವನ್ನು ಹೇಳುತ್ತೇನೆ. ಅವರಿಗೆ ಇನ್ನೂ ಹತ್ತಿರದ ಉದಾಹರಣೆಯೂ ಇದೆ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಅವುಗಳಲ್ಲಿ 21 ಗುಲಬರ್ಗಾ ವಿಭಾಗದವೇ ಆಗಿದ್ದವು. ಸಂವಿಧಾನದ 98ನೆಯ ತಿದ್ದುಪಡಿಯಿಂದ, ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು ಕೊಡುವ 371(ಜೆ) ವಿಧಿ ಬಂದದ್ದು ಆ ಬಳಿಕ. ಕಲಬುರಗಿ, ಬೀದರ್, ಯಾದಗಿರಿಯ ಯಾವ ಜಾತಿಯ ವಿದ್ಯಾರ್ಥಿಯೇ ಆಗಲಿ, 371(ಜೆ) ಪ್ರಮಾಣಪತ್ರವನ್ನು ಹಿಡಿದು ಸಾಲಿನಲ್ಲಿ ನಿಲ್ಲುವಾಗ ತಾನು ಮೆರಿಟ್‌ಗೆ ದ್ರೋಹ ಮಾಡುತ್ತಿದ್ದೇನೆಂದು ಭಾವಿಸುವುದಿಲ್ಲ. ಪ್ರದೇಶದ ಹೆಸರಿನಲ್ಲಿ ನ್ಯಾಯವಾಗಿ ಕಂಡದ್ದು ಜಾತಿಯ ಹೆಸರಿನಲ್ಲಿ ಏಕೆ ಅನ್ಯಾಯವಾಗಿ ಕಾಣುತ್ತದೆ ಎಂದು ಕೇಳಿದರೆ ತರಗತಿ ಸ್ವಲ್ಪ ಹೊತ್ತು ಮೌನವಾಗುತ್ತದೆ.

ಇಷ್ಟೆಲ್ಲ ಆದರೂ ಒರೆಗಾನ್ ಟ್ರೇಲ್ ಆಟ ತನ್ನದೇ ಕುರುಡನ್ನು ಬಹುಕಾಲ ಕಾಣಲಿಲ್ಲ. ಬಂಡಿಗಳು ಸಾಗಿದ ನೆಲ ಮೂಲನಿವಾಸಿಗಳದು. ಆರಿಸಿಕೊಳ್ಳಬಹುದಾದ ಪಾತ್ರಗಳ ಪಟ್ಟಿಯಲ್ಲಿ ಅವರೇ ಇರಲಿಲ್ಲ. 2021ರ ಹೊಸ ಆವೃತ್ತಿಯಲ್ಲಿ ಮೂಲನಿವಾಸಿ ಇತಿಹಾಸಕಾರರ ಸಲಹೆ ಪಡೆದು ಅದನ್ನು ತಿದ್ದಲಾಯಿತು.

ಇನ್ನು 'ಸ್ಕಿನ್'. ಆಟದ ಮಕ್ಕಳ ಬಾಯಲ್ಲಿ ಸ್ಕಿನ್ ಎಂದರೆ ಚರ್ಮವಲ್ಲ, ಪಾತ್ರಕ್ಕೋ ಬಂದೂಕಿಗೋ ತೊಡಿಸುವ ವೇಷ. ಬಿಜಿಎಂಐನಲ್ಲಿ ಅದನ್ನು ಯುಸಿ, ಅಂದರೆ ನಿಜವಾದ ಹಣ ತೆತ್ತು ಪಡೆಯುವ ಆಟದ ನಾಣ್ಯ ಕೊಟ್ಟು ಕೊಳ್ಳಬೇಕು. ಫೋರ್ಟ್‌ನೈಟ್ ಆಟದಲ್ಲಿ ಏನೂ ಕೊಳ್ಳದವರಿಗೆ ಸಿಗುವ ಸಾದಾ ವೇಷದಿಂದಾಗಿ 'ಡಿಫಾಲ್ಟ್' ಎಂಬ ಪದವೇ ಮಕ್ಕಳ ನಡುವೆ ಬೈಗುಳವಾಯಿತು. ಈ ಪದ ಗಮನಿಸತಕ್ಕದ್ದು, ಏಕೆಂದರೆ ಯಾವುದನ್ನು ಆರಿಸಬೇಕಾಗಿಲ್ಲವೋ ಅದು ಡಿಫಾಲ್ಟ್, ಮತ್ತು ಸಮಾಜದಲ್ಲಿ ಯಾರು ಡಿಫಾಲ್ಟ್ ಎಂಬುದರಿಂದಲೇ ಉಳಿದವರೆಲ್ಲ ವಿಶೇಷ ಪ್ರಕರಣಗಳಾಗುತ್ತಾರೆ. ಜೀವನವನ್ನೇ ಅನುಕರಿಸುವ ದಿ ಸಿಮ್ಸ್ 4 ಆಟ 2014ರಲ್ಲೇ ಬಂದಿದ್ದರೂ, ಕಪ್ಪು ಮೈಬಣ್ಣದ ಛಾಯೆಗಳು ಕಡಿಮೆ, ಇರುವವೂ ಬೂದಿ ಬಳಿದಂತಿವೆ ಎಂದು ಆಟಗಾರರು ವರ್ಷಗಟ್ಟಲೆ ದೂರಿದ ಮೇಲೆ, 2020ರ ಡಿಸೆಂಬರಿನಲ್ಲಿ ನೂರಕ್ಕೂ ಹೆಚ್ಚು ಹೊಸ ಛಾಯೆಗಳು ಸೇರಿಕೊಂಡವು. ಕರಿಯರನ್ನು ಹೊರಗಿಡಬೇಕೆಂದು ಯಾರೂ ತೀರ್ಮಾನಿಸಿ ಕುಳಿತಿರಲಾರರು. ಬಣ್ಣದ ಪೆಟ್ಟಿಗೆಯನ್ನು ತುಂಬಿದವರ ಕಣ್ಣಿಗೆ ಕೊರತೆ ಕಾಣಲಿಲ್ಲ, ಅಷ್ಟೇ. ಆ 'ಅಷ್ಟೇ' ಎಂಬುದರಲ್ಲಿ ವ್ಯವಸ್ಥೆ ಅಡಗಿದೆ. ಬಿದ್ರಿ ಪಾತ್ರೆಯ ಕಪ್ಪಿಗಾಗಿ ಕೋಟೆಯ ಮಣ್ಣನ್ನು ಹುಡುಕಿ ತರುವ ಬೀದರ್ ಸೀಮೆಯಲ್ಲೂ ಕನ್ಯೆ ನೋಡಲು ಹೋದವರು ಬಿಳುಪನ್ನೇ ಕೇಳುತ್ತಾರೆ ಎಂಬುದನ್ನು ಇಲ್ಲಿ ಸೇರಿಸಿದರೆ ವಿಷಯಾಂತರವಾಗಲಾರದು.

'ರಸ್ಟ್' ಎಂಬ ಆಟ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಅಲ್ಲಿ ಆಟಗಾರ ನಿರ್ಜನ ತೀರದಲ್ಲಿ ಬೆತ್ತಲಾಗಿ ಎಚ್ಚರಗೊಳ್ಳುತ್ತಾನೆ, ಕೈಯಲ್ಲಿರುವುದು ಒಂದು ಕಲ್ಲು ಮತ್ತು ಒಂದು ಪಂಜು. 2015ರಲ್ಲಿ ತಯಾರಕರು ಪ್ರತಿ ಆಟಗಾರನಿಗೂ ಅವನ ಖಾತೆಯ ಸಂಖ್ಯೆಗೆ ಅನುಗುಣವಾಗಿ ಮೈಬಣ್ಣವನ್ನು ನಿಗದಿಪಡಿಸಿದರು. ಮರುವರ್ಷ ಲಿಂಗವನ್ನೂ ಹಾಗೆಯೇ ನಿಗದಿಪಡಿಸಿದರು. ಬದಲಾಯಿಸಿಕೊಳ್ಳುವ ಅವಕಾಶವಿಲ್ಲ, ಸತ್ತು ಹುಟ್ಟಿದರೂ ಅದೇ ಮೈ. ಹಲವರು ಸಿಟ್ಟಾದರು, ತಾನು ತಾನಲ್ಲದವನಾಗಿ ಆಡಬೇಕೇ ಎಂದು ಕೇಳಿದರು. ಕರಿಯ ಪಾತ್ರವೇ ಇಲ್ಲದ ಆಟಗಳನ್ನು ಬಾಲ್ಯದಿಂದ ಆಡುತ್ತ ಬಂದ ಕರಿಯ ಮಕ್ಕಳು ಈ ಪ್ರಶ್ನೆಯನ್ನು ಎಷ್ಟು ಸಲ ನುಂಗಿಕೊಂಡಿರಬಹುದು ಎಂಬುದು ಆ ಸಿಟ್ಟಿನಿಂದಲೇ ಹೊಳೆಯಬೇಕಿತ್ತು. ಚರ್ಮವೇ ವಸ್ತುವಾದ ಕಥೆ ನಮ್ಮ ನೆಲದಲ್ಲಿ ಎಂಟು ಶತಮಾನ ಹಳೆಯದು. ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಹೊಲಿದರೆಂಬ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂಬ ಕಥೆಯನ್ನು ಬಸವಕಲ್ಯಾಣದ ಕಡೆ ಕೇಳದವರಿಲ್ಲ. ಯಾರ ಚರ್ಮ ಯಾರ ಕಾಲಿಗೆ ಎಂಬ ನಿಯಮವನ್ನು ಆ ಒಂದು ಜೊತೆ ಪಾದರಕ್ಷೆ ತಲೆಕೆಳಗು ಮಾಡಿತು, ಮತ್ತು ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗೆ ಕಲ್ಯಾಣ ಕೊಟ್ಟ ದಂಡನೆಯೂ ಎಲ್ಲರಿಗೆ ಗೊತ್ತಿರುವುದೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಆಳವಾಗಿ ತಟ್ಟಿದ ವಸ್ತು ಒಂದು ರಬ್ಬರ್ ಸ್ಟಾಂಪು. 2013ರಲ್ಲಿ ಲೂಕಸ್ ಪೋಪ್ ಒಬ್ಬರೇ ರೂಪಿಸಿದ 'ಪೇಪರ್ಸ್, ಪ್ಲೀಸ್' ಆಟದಲ್ಲಿ ಆಟಗಾರ ಆರ್‌ಸ್ಟೋಟ್ಸ್‌ಕಾ ಎಂಬ ಕಾಲ್ಪನಿಕ ದೇಶದ ಗಡಿ ಠಾಣೆಯ ಗುಮಾಸ್ತ. ಆರಂಭದಲ್ಲಿ ಅವನ ಬಳಿ ಬಂದೂಕಿಲ್ಲ, ಎರಡು ಸ್ಟಾಂಪುಗಳಿವೆ, ಒಂದು ಹಸಿರು, ಒಂದು ಕೆಂಪು. ದಿನದಲ್ಲಿ ಎಷ್ಟು ಜನರ ಕಾಗದಗಳನ್ನು ಸರಿಯಾಗಿ ಪರಿಶೀಲಿಸುತ್ತಾನೋ ಅಷ್ಟು ಕೂಲಿ, ತಪ್ಪಾದರೆ ದಂಡ. ಸಂಜೆ ಮನೆಗೆ ಹೋದರೆ ಬಾಡಿಗೆ, ಆಹಾರ, ಚಳಿಗೆ ಬೆಂಕಿ, ಕಾಯಿಲೆ ಬಿದ್ದ ಮಗನ ಔಷಧಿ. ಗಡಿಯಲ್ಲಿ ಒಂದು ದಾಳಿ ನಡೆದ ಮೇಲೆ ಮೇಲಿನಿಂದ ಆದೇಶ ಬರುತ್ತದೆ: ನೆರೆಯ ಕೊಲೇಚಿಯ ದೇಶದವರೆಲ್ಲರನ್ನೂ ತಪಾಸಣೆ ಮಾಡಬೇಕು. ಆಟಗಾರನಿಗೆ ಆ ದೇಶದವರ ಮೇಲೆ ಯಾವ ಸಿಟ್ಟೂ ಇಲ್ಲ. ಆದರೆ ಮನೆಯಲ್ಲಿ ಮಗ ಮಲಗಿದ್ದಾನೆ, ಸಾಲು ಉದ್ದವಿದೆ, ನಿಯಮ ಮೀರಿದರೆ ಕೂಲಿ ಕಡಿತ. ಸ್ವಲ್ಪ ಹೊತ್ತಿನಲ್ಲೇ ಬೆರಳು ತಾನಾಗಿಯೇ ತಪಾಸಣೆಯ ಗುಂಡಿಯನ್ನು ಒತ್ತಲು ಕಲಿಯುತ್ತದೆ. ನಾನು ಇದನ್ನು ಆಡಿದಾಗ ಒಬ್ಬ ಮುದುಕಿಯ ಮುಖವನ್ನು ನೋಡದೆ, ಕಾಗದದ ಮೇಲಿನ ದೇಶದ ಹೆಸರನ್ನಷ್ಟೇ ನೋಡಿ ಅವಳನ್ನು ಪಕ್ಕಕ್ಕೆ ಕಳಿಸಿದ್ದೆ ಎಂಬುದು ಆಮೇಲೆ ಅರಿವಾಯಿತು.

ಸ್ಟಾಂಪಿನ ಆಚೆ ಬದಿಯಲ್ಲಿ ನಿಂತ ನೆನಪೂ ನನಗಿದೆ. ಪಿಯುಸಿ ಮುಗಿದ ವರ್ಷ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ಒಂದು ಕಚೇರಿಗೆ ಐದು ಸಲ ಅಲೆದಿದ್ದೆ. ತಂದೆಯ ಹೆಸರಿನಲ್ಲಿ ಒಂದು ದೀರ್ಘ ಶಾಲೆಯ ದಾಖಲೆಯಲ್ಲಿ ಹೆಚ್ಚಾಗಿತ್ತು, ಪಡಿತರ ಚೀಟಿಯಲ್ಲಿ ಇರಲಿಲ್ಲ. ಕಿಟಕಿಯೊಳಗಿದ್ದವರು ಕೆಟ್ಟವರಲ್ಲ, ಒಮ್ಮೆ ಕುಳಿತುಕೊಳ್ಳಲು ಹೇಳಿ ನೀರನ್ನೂ ಕೊಟ್ಟಿದ್ದರು. ಆದರೆ ತಂದೆ ಪ್ರತಿ ಸಲವೂ ಒಂದು ದಿನದ ಕೂಲಿಯನ್ನು ಬಿಟ್ಟು ಬರುತ್ತಿದ್ದರು ಎಂಬ ಲೆಕ್ಕ ಆ ಮೇಜಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಪ್ಪ ಶಾಲೆ ಕಲಿತವನ ಮಗನಿಗೆ ಆ ದೀರ್ಘದ ತೊಂದರೆ ಬರುತ್ತಿರಲಿಲ್ಲ.

2016ರಲ್ಲಿ ಬಂದ 'ಮಾಫಿಯಾ 3' ಇನ್ನೂ ನೇರವಾದ ಆಟ. 1968ರ ಅಮೆರಿಕದ ದಕ್ಷಿಣದ ಒಂದು ಕಾಲ್ಪನಿಕ ನಗರದಲ್ಲಿ ಆಟಗಾರ ಕರಿಯ ಯುವಕ. ಶ್ರೀಮಂತ ಬಿಳಿಯರ ಬಡಾವಣೆಯಲ್ಲಿ ಅಪರಾಧ ನಡೆದರೆ ಪೊಲೀಸರು ತಕ್ಷಣ ಧಾವಿಸುತ್ತಾರೆ, ಕರಿಯರ ಬಡಾವಣೆಯಲ್ಲಿ ಅದೇ ಅಪರಾಧಕ್ಕೆ ನಿಧಾನವಾಗಿ ಬರುತ್ತಾರೆ. ಕೆಲವು ಅಂಗಡಿಗಳ ಹೊಸ್ತಿಲು ದಾಟಿದರೆ ಸಾಕು, ಹೊರಗೆ ಹೋಗೆಂದು ಹೇಳಿ ಪೊಲೀಸರನ್ನು ಕರೆಯುತ್ತಾರೆ. ಇದರಿಂದ ಹೊರಡುವ ತತ್ವ ಸರಳ: ವಸ್ತುವಿನ ಗುಣ ವಸ್ತುವಿನಲ್ಲಿಲ್ಲ, ಹಿಡಿದವನ ಮೇಲೆ ಅದು ಬದಲಾಗುತ್ತದೆ. ಈ ತತ್ವವನ್ನು ಇಟ್ಟುಕೊಂಡು ನಾನು ವಿದ್ಯಾರ್ಥಿಗಳಿಗೆ, ನಿಮ್ಮ ಊರಿನ ಒಂದು ವಸ್ತುವಿಗೆ ಆಟದಲ್ಲಿರುವಂಥ ವಿವರದ ಚೀಟಿ ಬರೆಯಿರಿ ಎಂದು ಹೇಳಿದ್ದೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ ಕೊಡಬೇಕಾಗಿತ್ತು. ಜಾತಿಯೂ ಜನಾಂಗವೂ ಒಂದೇ ಅಲ್ಲ. ಜಾತಿ ಜನಾಂಗಗಳ ವಿಭಜನೆಯಲ್ಲ ಎಂದು ಅಂಬೇಡ್ಕರ್ ಅವರು 1936ರಲ್ಲೇ ವಾದಿಸಿದ್ದರು. 2001ರಲ್ಲಿ ಡರ್ಬನ್ ನಗರದಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆಯನ್ನು ಅಲ್ಲಿಗೆ ಒಯ್ದವು, ಭಾರತ ಸರ್ಕಾರ ಅದನ್ನು ಒಪ್ಪಲಿಲ್ಲ. ಎರಡರ ಮೂಲ ಬೇರೆ, ಆದರೆ ಅನ್ಯಾಯವನ್ನು ವಸ್ತುಗಳೊಳಗೆ ಇಟ್ಟು ಕೈಯಿಂದ ಕೈಗೆ ದಾಟಿಸುವ ರೀತಿ ಹೋಲುತ್ತದೆ. 1920ರಲ್ಲಿ ಅಂಬೇಡ್ಕರ್ ಅವರು ತಮ್ಮ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಹಿಂದೂ ಸಮಾಜವನ್ನು ಮೆಟ್ಟಿಲಿಲ್ಲದ ಬಹುಅಂತಸ್ತಿನ ಗೋಪುರಕ್ಕೆ ಹೋಲಿಸಿದ್ದನ್ನು ಓದಿದಾಗ, ಹುಟ್ಟಿದ ಹಂತದಿಂದ ಮುಂದಿನ ಹಂತಕ್ಕೆ ಹೋಗಲಾಗದ ಆಟ ಇದು ಎಂದು ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಹೇಳಿದ.

ಚೀಟಿಗಳಲ್ಲಿ ಹೆಚ್ಚಿನವು ಸಪ್ಪೆಯಾಗಿದ್ದವು ಎಂದು ಒಪ್ಪಿಕೊಳ್ಳಬೇಕು. ಬುಲೆಟ್ ಬೈಕು, ಐಫೋನು ಇತ್ಯಾದಿ. ಯಾದಗಿರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿನಿಯ ಚೀಟಿ ಹೀಗಿತ್ತು. "ಹೆಸರು: ಚಪ್ಪಲಿ. ಉಪಯೋಗ: ಕಾಲಿಗೆ ಮುಳ್ಳು, ಬಿಸಿಲು ತಾಗುವುದಿಲ್ಲ. ನಮ್ಮ ಅಜ್ಜ ಬಳಸಿದರೆ: ಹೊಲದಲ್ಲಿ ಕಾಲಿಗೆ, ಗೌಡರ ಓಣಿಯಲ್ಲಿ ಕೈಗೆ." ಇನ್ನೊಬ್ಬ ಪ್ಲಾಸ್ಟಿಕ್ ಲೋಟದ ಬಗ್ಗೆ ಬರೆದಿದ್ದ. ಮೊದಲು ಹೋಟೆಲಿನಲ್ಲಿ ಅವನ ಕೇರಿಯವರಿಗೆ ಬೇರೆ ಲೋಟ ಇರುತ್ತಿತ್ತು, ಕುಡಿದವರೇ ತೊಳೆದು ಗೂಟಕ್ಕೆ ಸಿಗಿಸಬೇಕಿತ್ತು. ಈಗ ಎಲ್ಲರಿಗೂ ಬಳಸಿ ಬಿಸಾಡುವ ಲೋಟ ಬಂದಿದೆ, ಆದ್ದರಿಂದ ಜಗಳವೂ ಇಲ್ಲ, ಭೇದವೂ ಕಾಣುವುದಿಲ್ಲ. ಆದರೆ ಹೋಟೆಲಿನವನು ಕೆಲವರಿಗೆ ಕೇಳದೆಯೇ ಸ್ಟೀಲ್ ಲೋಟದಲ್ಲಿ ಕೊಡುತ್ತಾನೆ ಎಂಬುದು ಅವನ ಚೀಟಿಯ ಕೊನೆಯ ಸಾಲು. ಹಳೆಯ ನಿಯಮವನ್ನು ತೆಗೆಯದೆ ವಸ್ತುವನ್ನಷ್ಟೇ ಬದಲಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಈ ವಿಧಾನಕ್ಕೆ ಮಿತಿಗಳಿವೆ. ಒಂದು ಗಂಟೆ ಕರಿಯನ ಪಾತ್ರದಲ್ಲಿ ಆಡಿದವನು ಕರಿಯನ ಬದುಕನ್ನು ಅರಿತೆನೆಂದು ಹೆಮ್ಮೆಪಡುವುದು ಅಜ್ಞಾನಕ್ಕಿಂತ ಕೆಟ್ಟದ್ದು, ಏಕೆಂದರೆ ಅವನು ಆಟವನ್ನು ನಿಲ್ಲಿಸಿ ಊಟಕ್ಕೆ ಏಳಬಲ್ಲ. ಆಟದಲ್ಲಿ ತಪ್ಪಿದ್ದರೆ ತಯಾರಕರು ಅಪ್‌ಡೇಟ್ ಕಳಿಸುತ್ತಾರೆ, ಮರುದಿನದಿಂದ ಎಲ್ಲರ ಫೋನಿನಲ್ಲೂ ಹೊಸ ನಿಯಮ. ಸಮಾಜಕ್ಕೂ ಅಪ್‌ಡೇಟ್‌ಗಳು ಬಂದಿವೆ: ಅಮೆರಿಕದಲ್ಲಿ ಮನೆ ಕೊಳ್ಳುವುದರಲ್ಲಿ ಭೇದ ಮಾಡುವುದನ್ನು ನಿಷೇಧಿಸಿದ 1968ರ ಕಾಯ್ದೆ, ನಮ್ಮಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿ, 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ, 1976ರ ಜೀತ ನಿರ್ಮೂಲನ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ. ಆದರೆ ಆಡುವವರಿಗೆಲ್ಲ ಗೊತ್ತಿರುವಂತೆ, ಅಪ್‌ಡೇಟ್ ಆದಮೇಲೂ ಆಟ ಮುಂದುವರಿಯುವುದು ಹಳೆಯ ಸೇವ್ ಫೈಲಿನಿಂದ, ಅಂದರೆ ನಿಲ್ಲಿಸಿದಾಗಿನ ಆಟವನ್ನು ಉಳಿಸಿಟ್ಟ ಕಡತದಿಂದಲೇ. ಅಲ್ಲಿಯವರೆಗೆ ಯಾರು ಏನನ್ನು ಕೂಡಿಟ್ಟಿದ್ದರೋ ಅದು ಅವರ ಚೀಲದಲ್ಲೇ ಉಳಿಯುತ್ತದೆ. ಕೆಂಪು ಬಡಾವಣೆಯಲ್ಲಿ ಸಾಲ ಸಿಗದೆ ಮನೆ ಕೊಳ್ಳಲಾಗದವನ ಮಗನಿಗೆ 1968ರ ನಂತರ ಕಾನೂನು ಸಿಕ್ಕಿತು, ಪಿತ್ರಾರ್ಜಿತ ಮನೆ ಸಿಗಲಿಲ್ಲ.

ನಮ್ಮ ಕಡೆಯ ಸೇವ್ ಫೈಲು ಪಹಣಿ. ಇಪ್ಪತ್ತು ವರ್ಷಗಳ ಹಿಂದೆಯೇ ಭೂಮಿ ಯೋಜನೆಯಲ್ಲಿ ಅದೆಲ್ಲ ಕಂಪ್ಯೂಟರಿಗೆ ಏರಿದೆ, ಈಗ ಫೋನಿನಲ್ಲೇ ಸರ್ವೆ ನಂಬರು ಹಾಕಿ ನೋಡಬಹುದು. ಚಪ್ಪಲಿಯ ಚೀಟಿ ಬರೆದ ವಿದ್ಯಾರ್ಥಿನಿ ಅದೇ ವಾರ ತನ್ನ ಅಜ್ಜ ನಲವತ್ತು ವರ್ಷ ತೊಗರಿ ಬಿತ್ತಿ, ಕೊಯ್ದು, ರಾಶಿ ಮಾಡಿದ ಹೊಲದ ಪಹಣಿಯನ್ನು ತೆಗೆಸಿಕೊಂಡು ಬಂದಿದ್ದಳು. 9ನೆಯ ಕಾಲಂನಲ್ಲಿ ಮಾಲೀಕರ ಹೆಸರಿತ್ತು. 12ನೆಯ ಕಾಲಂನಲ್ಲಿ, ಸಾಗುವಳಿ ಮಾಡಿದವರು ಯಾರು ಎಂಬಲ್ಲಿ, ಸ್ವಂತ ಎಂದು ಬರೆದು ಬೆಳೆಯ ಹೆಸರು ತೊಗರಿ ಎಂದಿತ್ತು. ಕೂಲಿಗೆ ಬಿತ್ತಿದವರ ಹೆಸರು ಯಾವ ಕಾಲಂನಲ್ಲಿ ಬರುತ್ತದೆ ಸರ್ ಎಂದು ಅವಳು ಕೇಳಿದಳು. ಹಾಗೊಂದು ಕಾಲಂ ಪಹಣಿಯಲ್ಲಿ ಇಲ್ಲ ಎಂದೆ.